ಎದುರು ಮೇಳವಿಲ್ಲದ ಹಾಡುಗಾರ

ನಮ್ಮ ಕಡೆ ಒಂದೇ ಮೇಳ ಕರೆಸಿ ಹಾಡಕಿ ಮಾಡಿಸುವ ಪದ್ಧತಿ ಇಲ್ಲ. ಅಂಕಲಿ ಇರಲಿ, ಕೃಷ್ಣೆಯ ದಂಡೆಗುಂಟ ಇನ್ಯಾವ ಊರೇ ಇರಲಿ, ಜಾತ್ರೆಯ ಹಾಡಕಿಗೆ ವೀಳ್ಯ ಹೋಗುವುದು ಎರಡು ಮೇಳಗಳಿಗೆ. ಒಂದು ಹರದೇಶಿ, ಇನ್ನೊಂದು ನಾಗೇಶಿ. ಅವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡಬೇಕು. ಇವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು. ಡಪ್ಪು, ತುಂತುಣಿ, ತಾಳ ಇಷ್ಟಿದ್ದರೆ ಸಾಕು. ರಾತ್ರಿ ಊಟ ಮುಗಿಸಿ ಕುಂತ ಮಂದಿ ಬೆಳ್ಳಿ ಮೂಡುವತನಕ ಏಳುವುದಿಲ್ಲ. ದನಿ ಇಂಪಾಗಿದೆಯೋ ಇಲ್ಲವೋ ಎಂಬುದು ಅವರಿಗೆ ಎರಡನೆಯ ಮಾತು. ಹಾಕಿದ ಸವಾಲಿಗೆ ಜವಾಬು ಬಂತೋ ಇಲ್ಲವೋ ಎಂಬುದೇ ಮೊದಲನೆಯದು. ಜವಾಬು ತಡವರಿಸಿದರೆ ಎಂಥ ಹಿರಿಯ ಹಾಡುಗಾರನೇ ಆಗಲಿ, ಕೆಳಗೆ ಕುಂತವರ ನಗೆಯಿಂದ ತಪ್ಪಿಸಿಕೊಳ್ಳಲಾರ. ಜವಾಬು ನೆಟ್ಟಗೆ ಬಂದರೆ ಆಯೇರಿ, ಅಂದರೆ ಮೆಚ್ಚಿದವರ ಕಾಣಿಕೆ, ಬೀಳುತ್ತದೆ.

ಈ ಹಾಡಕಿ ಕೇಳುವ ಜಾಗದಲ್ಲಿ ಕುಳಿತು ಚಂದ್ರಶೇಖರ ಕಂಬಾರರನ್ನು ಓದಬೇಕೆಂಬುದು ನನ್ನ ಬಹಳ ದಿನದ ಹಟ. ಅವರು ಹುಟ್ಟಿದ ಘೋಡಗೇರಿ ನಮಗೆ ದೂರವಲ್ಲ. ಚಿಕ್ಕೋಡಿ ದಾಟಿದರೆ ಹುಕ್ಕೇರಿ ತಾಲ್ಲೂಕು ಹತ್ತಿಕೊಳ್ಳುತ್ತದೆ. ನಮ್ಮದು ಕೃಷ್ಣೆಯ ಸೀಮೆ, ಅವರದು ಘಟಪ್ರಭೆಯದು. 1937ರಲ್ಲಿ ಅಲ್ಲಿಯ ಕಮ್ಮಾರ ಮನೆತನದಲ್ಲಿ ಹುಟ್ಟಿದ ಹುಡುಗ ಸಾವಳಗಿ ಮಠದ ಆಸರೆಯಲ್ಲಿ ಓದಿ, ಬೆಳಗಾವಿಯ ಲಿಂಗರಾಜ ಕಾಲೇಜು ಸೇರಿ, ಬೆಂಗಳೂರಿಗೆ ಹೋಗಿ, 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ, 2010ರ ಸಾಲಿನ ಜ್ಞಾನಪೀಠ ಪಡೆದ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಕತೆಯ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಹಳ್ಳಿಯ ಹೆಸರಿಲ್ಲದ ಹಾಡಿಗೆ ಕಂಬಾರರು ಹೆಸರು ತಂದುಕೊಟ್ಟರು, ಬೇರಿನಲ್ಲಿದ್ದ ರಸವನ್ನು ಹೂವಾಗಿಸಿದರು ಎನ್ನುವ ಮಾತು. ಸನ್ಮಾನದ ಭಾಷಣದಲ್ಲಿ ಇದೇ, ಪಠ್ಯಪುಸ್ತಕದ ಕವಿಪರಿಚಯದಲ್ಲೂ ಇದೇ. ಹೊಗಳಿಕೆಯ ಹಾಗೆ ಕೇಳಿಸುವ ಈ ಮಾತು ಎರಡು ಕಡೆಗೂ ಅನ್ಯಾಯ ಮಾಡುತ್ತದೆ ಎಂಬುದು ನನ್ನ ತಕರಾರು.

ಮೊದಲು ಹೆಸರಿನ ವಿಷಯ. ಜನರ ಹಾಡನ್ನು ಬೇರಿಗೂ ಕವಿಯ ಹಾಡನ್ನು ಹೂವಿಗೂ ಹೋಲಿಸಿದವರು ಬಿ.ಎಂ.ಶ್ರೀ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದ ಕಾಲದ ವಾತಾವರಣ ಆ ಹೋಲಿಕೆಯಲ್ಲಿದೆ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹೇಳಿಕೊಂಡ ತ್ರಿಪದಿಗಳ ಮಟ್ಟಿಗೆ ಅದು ಒಪ್ಪುತ್ತದೆ. ಬೀಸುಕಲ್ಲಿನ ಮುಂದೆ ಕುಂತವಳು ತನ್ನ ಹೆಸರನ್ನು ಹಾಡಿಗೆ ಕಟ್ಟಿಕೊಳ್ಳುವುದಿಲ್ಲ. ಅವಳ ಸೊಸೆಗೆ ಅದು ಯಾರ ಹಾಡೆಂಬ ಪ್ರಶ್ನೆಯೂ ಬರುವುದಿಲ್ಲ. ಆದರೆ ಅದೇ ಗೆಳೆಯರು ಎರಡು ವರ್ಷದ ಮೇಲೆ ‘ಜೀವನ ಸಂಗೀತ’ ಎಂದು ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದರಲ್ಲ, ಆ ಲಾವಣಿಗಳ ಜಾತಿಯೇ ಬೇರೆ. ಲಾವಣಿಯ ಕೊನೆಯ ನುಡಿಯನ್ನು ಕೇಳಿ ನೋಡಿ: ಊರಿನ ಹೆಸರು, ಊರ ದೇವರ ಹೆಸರು, ಕಲಿಸಿದ ಗುರುವಿನ ಹೆಸರು, ಕಟ್ಟಿದ ಕವಿಯ ಹೆಸರು, ಒಮ್ಮೊಮ್ಮೆ ಹಾಡಿದವನ ಹೆಸರೂ ಸಾಲಾಗಿ ಬರುತ್ತವೆ. ಜಮೀನಿನ ಕಾಗದಕ್ಕೆ ಚೆಕ್ಕುಬಂದಿ ಬರೆದಷ್ಟು ಕಟ್ಟುನಿಟ್ಟು. ಹಲಸಂಗಿಯಲ್ಲೇ ಖಾಜಾಭಾಯಿ ಎಂಬ ಲಾವಣಿಕಾರ ಇದ್ದ. ರಾಮದುರ್ಗದ ಕಡೆಯ ಹುಲಕುಂದದಲ್ಲಿ ಗೀಗೀ ಪದ ಕಟ್ಟುವ ಕವಿಗಳ ಪರಂಪರೆಯೇ ಇತ್ತು. ಸ್ವಾತಂತ್ರ್ಯ ಚಳವಳಿಯ ಸುದ್ದಿ ಎಷ್ಟೋ ಹಳ್ಳಿಗಳನ್ನು ಮುಟ್ಟಿದ್ದು ಅಂಥವರ ಡಪ್ಪಿನಿಂದ. ಇವರನ್ನೆಲ್ಲ ‘ಜನಪದ’ ಎಂಬ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದವರು ನಾವು, ಓದಿದವರು. ತ್ರಿಪದಿಯ ಹೆಸರಿಲ್ಲದಿರುವಿಕೆಯನ್ನು ಮೇಳದ ಮೇಲೂ ಹೊರಿಸಿದೆವು.

ಆಟದ ಕವಿಗಳ ಗತಿಯೂ ಇದೇ. ‘ಸಂಗ್ಯಾ ಬಾಳ್ಯಾ’ ಎಂದ ಕೂಡಲೇ ಜನಪದ ನಾಟಕ ಎನ್ನುತ್ತೇವೆ. ಬೈಲಹೊಂಗಲ ಸೀಮೆಯಲ್ಲಿ ನಡೆದ ಒಂದು ಕೊಲೆಯನ್ನು ಹಿಡಿದು ಆ ಸಣ್ಣಾಟ ಕಟ್ಟಿದಾತ ಪತ್ತಾರ ಮಾಸ್ತರ. ನಮ್ಮ ಕಡೆ ಆಟ ಕಲಿಸುವವನಿಗೂ ಮಾಸ್ತರ ಎಂದೇ ಅನ್ನುತ್ತಾರೆ, ಅಂದರೆ ಅದೊಂದು ಶಾಲೆ. ‘ಶ್ರೀಕೃಷ್ಣ ಪಾರಿಜಾತ’ಕ್ಕಂತೂ ಇಬ್ಬರು ತಮ್ಮಣ್ಣರು. ಅಪರಾಳ ತಮ್ಮಣ್ಣ ಬರೆದದ್ದನ್ನು 19ನೇ ಶತಮಾನದಲ್ಲಿ ಕುಲಗೋಡ ತಮ್ಮಣ್ಣ ಕೈಗೆತ್ತಿಕೊಂಡು, ಹಾಡು ಸೇರಿಸಿ, ಮಾತು ಬೆಳೆಸಿ, ಮೇಳ ಕಟ್ಟಿ ಊರೂರಿಗೆ ಒಯ್ದ. ಸಾಹಿತ್ಯ ಚರಿತ್ರೆಯ ಲೆಕ್ಕದಲ್ಲಿ ಅಪರಾಳದವನು ಕವಿ, ಕುಲಗೋಡದವನು ತಿದ್ದಿದವ. ಮಂದಿಯ ಲೆಕ್ಕ ಬೇರೆ: ಪಾರಿಜಾತ ಎಂದರೆ ಕುಲಗೋಡ. ಮುಂದೆ ಕೌಜಲಗಿ ನಿಂಗಮ್ಮ ಹೆಣ್ಣಾಗಿ ಆ ರಂಗವೇರಿ ಹೆಸರಾದಾಗ ಅವಳೂ ಊರನ್ನು ಮುಂದಿಟ್ಟುಕೊಂಡೇ ನಡೆದಳು. ಊರು ಮುಂದೆ, ಹೆಸರು ಹಿಂದೆ. ಈಗ ಮೊಬೈಲಿನಲ್ಲಿ, ಮದುವೆಯ ಡಿಜೆಯಲ್ಲಿ ಕುಣಿಯುತ್ತಿರುವ ಹಾಡುಗಳನ್ನೂ ನಮ್ಮ ಹುಡುಗರು ‘ಜಾನಪದ’ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಸಾಹಿತ್ಯ ಯಾರದು, ಗಾಯನ ಯಾರದು ಎಂದು ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ರಾಯಬಾಗ ತಾಲ್ಲೂಕಿನ ನಿಪನಾಳವನ್ನು ಹೆಸರಿಗೇ ಕಟ್ಟಿಕೊಂಡಿರುವ ಮಾಳು ನಿಪನಾಳ ಕರ್ನಾಟಕಕ್ಕೆಲ್ಲ ಗೊತ್ತು. ಆ ಹಾಡುಗಳ ಗುಣದ ಬಗ್ಗೆ ನನಗೆ ಹೇಳಲು ಬೇರೆ ಮಾತಿದೆ, ಅದು ಇಲ್ಲಿ ಬೇಡ. ಜಾನಪದ ಎಂದರೆ ಹೆಸರಿಲ್ಲದ್ದು ಎಂಬ ಪಂಡಿತರ ವ್ಯಾಖ್ಯೆಯನ್ನು ಮಂದಿ ಯಾವತ್ತೂ ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನುವುದಕ್ಕಷ್ಟೇ ಅವು ಸಾಕ್ಷಿ.

ಹಾಗಾದರೆ ಕಂಬಾರರು ಹೆಸರಿಲ್ಲದವರಿಗೆ ಹೆಸರು ಕೊಟ್ಟರು ಎನ್ನುವುದು ಮೂಲದಲ್ಲೇ ತಪ್ಪು. ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಕಂಬಾರರಿಗೇ. ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ ಅಚ್ಚಿಗೆ ತಂದವರು ಅವರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿ, ದೊಡ್ಡಾಟ, ಸಣ್ಣಾಟ, ಪಾರಿಜಾತ, ರಾಧಾನಾಟ ಎಂದು ಒಂದೊಂದರ ಚಹರೆ ಬಿಡಿಸಿ ತೋರಿಸಿದವರೂ ಅವರೇ. ಈ ಕೆಲಸವನ್ನು ಅವರ ಕಾವ್ಯದ ಹಿಂದಿನ ಕಚ್ಚಾಮಾಲು ಎಂಬಂತೆ ನೋಡುವುದು ರೂಢಿ. ನನಗೆ ಕಾಣುವುದು ತಿರುಗಾಮುರುಗಾ. ಮೇಳದಿಂದ ಹೊರಗೆ ಹೋದ ಮೇಳದ ಮನುಷ್ಯ ತನ್ನ ವಿದ್ಯೆಯ ಲೆಕ್ಕ ಒಪ್ಪಿಸಿದ್ದು ಅದು.

ಅವರ ಕಾವ್ಯವನ್ನೂ ಹಾಗೇ ನೋಡಬೇಕು. 1964ರ ‘ಹೇಳತೇನ ಕೇಳ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಅದು ಕವನಸಂಕಲನಕ್ಕೆ ಇಟ್ಟ ಹೆಸರಿನಂತಿಲ್ಲ. ಡಪ್ಪು ಎತ್ತಿಕೊಂಡವನು ಎದುರಿನವನಿಗೆ ಹಾಕುವ ಮೊದಲ ಮಾತಿನಂತಿದೆ. ಅದರಲ್ಲಿ ಶಿವಾಪುರ ಎಂಬ ಕಂಬಾರರ ಕಲ್ಪನೆಯ ಊರಿನ ಗೌಡನ ಕತೆ ನಡೆಯುವುದು ದಾಟಿಯ ಮೇಲೆ. ದಾಟಿ ಬದಲಾದರೆ ಕತೆಯ ಬಣ್ಣ ಬದಲಾಗುತ್ತದೆ. ಓದುಗ ಅಚ್ಚಿನ ಸಾಲನ್ನು ಕಣ್ಣಿನಲ್ಲಿ ಹಿಡಿಯುತ್ತಾ ಹೋದರೆ ಇದು ಸಿಗುವುದಿಲ್ಲ. ಪುನರುಕ್ತಿ ಬಹಳ ಎಂದು ದೂರುತ್ತಾನೆ. ಆ ಪುನರುಕ್ತಿ ಹಿಮ್ಮೇಳದವರ ಜಾಗ ಎಂದು ಅವನಿಗೆ ಹೊಳೆಯುವುದಿಲ್ಲ. ಮುಂದಿನ ಹಾಡುಗಾರ ಉಸಿರು ತೆಗೆದುಕೊಳ್ಳುವಾಗ ಹಿಂದಿನವರು ಸಾಲನ್ನು ಎತ್ತಿ ಹಿಡಿಯಬೇಕು, ಕುಂತ ಮಂದಿಗೆ ಹೋದ ಮಾತು ಇನ್ನೊಮ್ಮೆ ದಕ್ಕಬೇಕು. ಕಂಬಾರರ ಬಗ್ಗೆ ಬಂದಿರುವ ವಿಮರ್ಶೆಯಲ್ಲಿ ಪುರಾಣ, ಫಲವಂತಿಕೆ, ವಸಾಹತು ಎಲ್ಲ ಸಿಗುತ್ತವೆ, ದಾಟಿ ಎಂಬ ಪದ ಮಾತ್ರ ಹುಡುಕಬೇಕು. ಅವರು ಸ್ವತಃ ಹಾಡುತ್ತಾರೆ ಎಂಬುದನ್ನು ನಮ್ಮ ಸಭೆಗಳು ಊಟದ ಕೊನೆಯ ಬಾಳೆಹಣ್ಣಿನ ಹಾಗೆ ಕಂಡವು: ಭಾಷಣ ಮುಗಿಯಿತು, ಇನ್ನು ಒಂದು ಹಾಡು ಹೇಳಿರಿ ಸರ್. ‘ಕಾಡು ಕುದುರೆ’ ಸಿನಿಮಾದ ಹಾಡು ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಸಿನಿಮಾ ನಿರ್ದೇಶಿಸಿ, ಹಾಡು ಬರೆದು, ಸಂಗೀತ ಕೂಡಿಸಿದವರು ಕಂಬಾರರು. ಆದರೂ ಅವರ ಸಂಗೀತವನ್ನು ಸಾಹಿತ್ಯದ ಬಾಲವೆಂದೇ ಬಗೆದೆವು.

ಇಲ್ಲಿ ಇನ್ನೊಂದು ಬಣದವರ ಮಾತೂ ಬರುತ್ತದೆ, ಅದಕ್ಕೂ ಉತ್ತರ ಕೊಡಬೇಕು. ಕಂಬಾರರು ಹಳ್ಳಿಯ ಕಲೆಯನ್ನು ಪೇಟೆಗೆ ಮಾರಿದರು, ಹಾಡಿದವರು ಅಲ್ಲೇ ಉಳಿದರು, ಹಾಡು ಮಾತ್ರ ಜ್ಞಾನಪೀಠ ಕಂಡಿತು ಎನ್ನುತ್ತಾರೆ. ಕೇಳಲು ಖಾರವಾಗಿದೆ. ಆದರೆ ಇದೂ ಅದೇ ಬೇರು-ಹೂವಿನ ಗಿಡದ ಕಾಯಿ. ದೋಚುವುದಕ್ಕೆ ಅದು ಕೇಳುವವರು ಯಾರೂ ಇಲ್ಲದ ಆಸ್ತಿಯಾಗಿರಬೇಕಲ್ಲ? ಮೇಳದಲ್ಲಿ ಒಬ್ಬರ ಚಾಲನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ಕಳವಲ್ಲ, ಕಲಿಕೆ. ಕುಲಗೋಡದವನು ಅಪರಾಳದವನಿಗೆ ಮಾಡಿದ್ದನ್ನೇ ಘೋಡಗೇರಿಯವರು ಪತ್ತಾರ ಮಾಸ್ತರನಿಗೆ, ಪಾರಿಜಾತಕ್ಕೆ ಮಾಡಿದರು. ತಂದ ಸೊಲ್ಲಿಗೆ ಹೊಸ ಸವಾಲು ಕಟ್ಟಿದರೋ ಇಲ್ಲವೋ ಎಂಬುದನ್ನಷ್ಟೇ ಕೇಳಬೇಕು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಆಡಿಸಿದ ‘ಜೋಕುಮಾರಸ್ವಾಮಿ’ ನೋಡಿದರೆ ಉತ್ತರ ಸಿಗುತ್ತದೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಹೊತ್ತು ತಿರುಗಿಸಿ, ಹುಣ್ಣಿಮೆಗೆ ಕೊಲ್ಲುವ ಜೋಕುಮಾರನನ್ನು ನಮ್ಮ ಹೆಣ್ಣುಮಕ್ಕಳು ಎಷ್ಟು ಕಾಲದಿಂದ ಹಾಡಿದ್ದಾರೋ. ಆ ಹಾಡಿನೊಳಗೆ ಹೊಲ ಯಾರದು ಎಂಬ ಜಗಳವನ್ನು ತಂದಿಟ್ಟದ್ದು ಕಂಬಾರರ ಸವಾಲು. ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ನಾಟಕ ಅದಕ್ಕಿಂತ ಮೊದಲೇ ರಂಗದ ಮೇಲಿತ್ತು.

ಭಾಷೆಯ ಮಾತು ಒಂದು ಇದೆ, ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನವರು ಕಂಬಾರರ ಕನ್ನಡವನ್ನು ಅಪ್ಪಟ ಹಳ್ಳಿಯ ಭಾಷೆ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಹಾಗೆ ಕೇಳುವುದಿಲ್ಲ. ಅಂಕಲಿಯ ಸಂತೆಯಲ್ಲಿ ನಿಂತರೆ ಒಂದು ವಾಕ್ಯದೊಳಗೆ ಕನ್ನಡದ ಕ್ರಿಯಾಪದಕ್ಕೆ ಮರಾಠಿಯ ನಾಮಪದ ಅಂಟಿಕೊಂಡಿರುತ್ತದೆ. ಮಿರಜ, ಸಾಂಗಲಿಯ ಬಸ್ಸು ಇಳಿದವರ ಜೊತೆ ಮಾತು ಎಲ್ಲಿ ತಿರುಗುತ್ತದೆ ಎಂದು ಆಡುವವರಿಗೇ ಗೊತ್ತಿರುವುದಿಲ್ಲ. ಶಿವಾಪುರದಲ್ಲಿ ಈ ಗಡಿಯ ಗದ್ದಲ ಇಲ್ಲ. ಊರಿನ ಮಾತು ಊರಿನ ಹಾಗೇ ಬೇಕೆಂದರೆ ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಓದಬೇಕು, ಜೈನ ಒಕ್ಕಲು ಮನೆಯ ಒಳಗಿನ ಉಸಿರು ಅಲ್ಲಿ ಸಿಗುತ್ತದೆ. ಕಂಬಾರರದು ಆಟದ ಭಾಷೆ, ಬಣ್ಣ ಹಚ್ಚಿ ಕಿರೀಟ ಇಟ್ಟ ಭಾಷೆ. ದೊಡ್ಡಾಟದ ರಾಜ ಮನೆಗೆ ಹೋಗಿ ಹೆಂಡತಿಯ ಜೊತೆ ಹಾಗೆ ಮಾತಾಡುವುದಿಲ್ಲ. ಅದನ್ನು ಸಹಜ ಎಂದು ಹೊಗಳಿದರೆ ಕಸುಬನ್ನು ಅಲ್ಲಗಳೆದಂತೆ.

ಈಗ ನನ್ನ ನಿಜವಾದ ತಕರಾರು. ಮೇಳದ ಕವಿ ಎಂದು ಒಪ್ಪಿದ ಮೇಲೆ ಮೇಳದ ಅಳತೆಗೋಲಿನಲ್ಲೇ ಅಳೆಯಬೇಕು. ಆಗ ಹೊಗಳಿಕೆ ಹೆಚ್ಚುವಲ್ಲಿ ಹೆಚ್ಚುತ್ತದೆ, ಕಡಿಮೆಯಾಗುವಲ್ಲಿ ಕಡಿಮೆಯಾಗುತ್ತದೆ.

1964ರಲ್ಲಿ ಕಂಬಾರರಿಗೆ ಎದುರು ಮೇಳ ಇತ್ತು. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ ಬಂದು ಐದು ವರ್ಷವಾಗಿತ್ತು. ಭೂಮಿಯನ್ನು ತಾಯಿ ಎಂದು ತಬ್ಬಿಕೊಳ್ಳಲಾಗದ, ಬಿಟ್ಟೂ ಹೋಗಲಾಗದ ಮನುಷ್ಯನ ಸಂಕಟವನ್ನು ನವ್ಯರು ಗಂಟಲು ಬಿಗಿಹಿಡಿದು ಹೇಳುತ್ತಿದ್ದ ಕಾಲ ಅದು. ಕವಿತೆಯನ್ನು ಹಾಡುವುದು ಹಳೆಯ ಚಾಳಿ ಎಂದು ನಂಬಿದ್ದ ಕಾಲ. ಆ ಸವಾಲಿಗೆ ಘೋಡಗೇರಿಯ ಹುಡುಗ ಡಪ್ಪಿನ ದಾಟಿಯಲ್ಲಿ ಜವಾಬು ಕೊಟ್ಟ: ಭೂಮಿ ಬಂಜೆಯಾದದ್ದು ಅವಳ ದೋಷದಿಂದಲ್ಲ, ಗೌಡನ ವೇಷದಲ್ಲಿ ರಾಕ್ಷಸ ಊರೊಳಗೆ ಬಂದು ಕುಂತಿದ್ದಾನೆ. ನವ್ಯದ ಒಂಟಿ ದನಿಗೆ ಹಿಮ್ಮೇಳದ ದನಿ, ಕೋಣೆಗೆ ಬಯಲು. ‘ಹೇಳತೇನ ಕೇಳ’, ‘ಋಷ್ಯಶೃಂಗ’, ‘ಜೋಕುಮಾರಸ್ವಾಮಿ’ ಇಂದಿಗೂ ಹರಿತವಾಗಿರುವುದು ಇದಕ್ಕೇ. ಅವು ಯಾರಿಗೋ ಎದುರಾಗಿ ಹಾಡಿದವು. ಅಂದರೆ ಕಂಬಾರರು ನವ್ಯವನ್ನು ಬಿಟ್ಟು ಜನಪದಕ್ಕೆ ಮರಳಿದರು ಎಂಬ ಇನ್ನೊಂದು ರೂಢಿಯ ಮಾತೂ ನಿಲ್ಲುವುದಿಲ್ಲ. ನವ್ಯ ಅವರಿಗೆ ಬಿಟ್ಟುಬಂದ ಮನೆಯಾಗಿರಲಿಲ್ಲ, ಎದುರಿನ ಕಟ್ಟೆಯಾಗಿತ್ತು.

ಆಮೇಲೆ ಎದುರಿನ ಕಟ್ಟೆ ಬರಿದಾಯಿತು. ನವ್ಯ ತಣ್ಣಗಾಯಿತು. ದಲಿತ, ಬಂಡಾಯದ ಬರಹಗಾರರಿಗೆ ಬೇರೆ ಜಗಳಗಳಿದ್ದವು. ಶಿವಾಪುರದ ಬಾಗಿಲಿಗೆ ಬಂದು ಸವಾಲು ಹಾಕುವ ಪುರುಸೊತ್ತು ಅವರಿಗಿರಲಿಲ್ಲ. ಕಂಬಾರರ ಮುಂದೆ ಉಳಿದದ್ದು ಚಪ್ಪಾಳೆ. ಮಹಾಕಾವ್ಯ ‘ಚಕೋರಿ’ 1996ರಲ್ಲಿ ಬಂತು, ಕಾದಂಬರಿ ‘ಶಿಖರಸೂರ್ಯ’ 2007ರಲ್ಲಿ. ಎರಡೂ ದೊಡ್ಡ ಕೃತಿಗಳು, ದೊಡ್ಡ ಕಸುಬು. ‘ಚಕೋರಿ’ಯ ಸಂಗೀತದ ಕನಸು ಕನ್ನಡದಲ್ಲಿ ಇನ್ನೊಬ್ಬರಿಗೆ ಬೀಳುವಂಥದ್ದಲ್ಲ. ಆದರೆ ಅವನ್ನು ಓದುವಾಗ ನನಗೆ ಒಂದೇ ಮೇಳ ರಾತ್ರಿಯೆಲ್ಲ ಹಾಡಿದಂತೆ ಅನ್ನಿಸುತ್ತದೆ. ದನಿ ಇದೆ, ದಾಟಿ ಇದೆ, ಕತೆ ಹಿಗ್ಗುತ್ತಲೇ ಹೋಗುತ್ತದೆ. ನಡುವೆ ಎದ್ದು ನಿಂತು, ನಿಲ್ಲಿಸಪ್ಪಾ ಮಾಸ್ತರ, ಇದಕ್ಕೆ ಮೊದಲು ಜವಾಬು ಹೇಳು ಎನ್ನುವವರಿಲ್ಲ. ಹಾಗೆ ಕೇಳುವವರಿದ್ದರೆ ಹಾಡು ಬಿಗಿಯಾಗುತ್ತಿತ್ತು. ಇದು ಕವಿಯೊಬ್ಬರ ಮೇಲಷ್ಟೇ ಹೊರಿಸುವ ತಪ್ಪಲ್ಲ. ಎದುರು ಮೇಳದ ಕೆಲಸ ವಿಮರ್ಶೆಯದಾಗಿತ್ತು, ಅದು ಆಯೇರಿ ಹಾಕುವವರ ಸಾಲಿನಲ್ಲಿ ಹೋಗಿ ನಿಂತಿತು.

ಇನ್ನೂ ಒಂದು ವಿಚಿತ್ರ. ಸವಾಲು ಹಾಕಬಲ್ಲವರು ನಿಜವಾಗಿ ಇದ್ದದ್ದು ಹಳ್ಳಿಯಲ್ಲೇ, ಮೇಳಗಳಲ್ಲೇ. ಕಂಬಾರರು ಕಟ್ಟಿದ ಸಂಸ್ಥೆಗಳು ಅವರಿಗಾಗಿ ಎಂದು ನಾವು ನಂಬಿದೆವು. ಕಂಬಾರರು ಸಂಪಾದಿಸಿದ ಎರಡು ಸಂಪುಟಗಳ ‘ಕನ್ನಡ ಜಾನಪದ ವಿಶ್ವಕೋಶ’ 1985ರಲ್ಲಿ ಬಂತು. ಅಷ್ಟು ದೊಡ್ಡ ಕೆಲಸವನ್ನು ಹಗುರ ಮಾಡುವ ನಾಲಗೆ ನನ್ನದಲ್ಲ. ಹಂಪಿಯ ವಿಶ್ವವಿದ್ಯಾಲಯದ ಕಟ್ಟಡಗಳನ್ನು ಕಲ್ಲಿನಲ್ಲಿ ಏರಿಸಿದ ಉತ್ಸಾಹವನ್ನೂ ಕಂಡಿದ್ದೇವೆ. ಆಮೇಲೆ ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿಯೂ ಆಯಿತು. ಆದರೆ ವಿಶ್ವವಿದ್ಯಾಲಯದ ಕೋಣೆಗೆ ಕಾಲಿಟ್ಟ ಕೂಡಲೇ ಮೇಳದ ಕವಿಯ ಹೆಸರು ‘ಮಾಹಿತಿದಾರ’ ಎಂದಾಗುತ್ತದೆ. ಅವನು ಹಾಡಬೇಕು, ಇವರು ಬರೆದುಕೊಳ್ಳಬೇಕು. ಬರೆದುಕೊಂಡದ್ದರ ಮೇಲೆ ಪ್ರಬಂಧ, ಪ್ರಬಂಧದ ಮೇಲೆ ವಿಚಾರಸಂಕಿರಣ, ಸಂಕಿರಣದ ಸಂಜೆಗೆ ಸಾಂಸ್ಕೃತಿಕ ಕಾರ್ಯಕ್ರಮವೆಂದು ಅದೇ ಮೇಳಕ್ಕೆ ಅರ್ಧ ತಾಸು. ಹಗಲಿನ ಗೋಷ್ಠಿಯಲ್ಲಿ ಅವನನ್ನು ಕವಿಯೆಂದು ಕೂರಿಸಿ, ‘ಚಕೋರಿ’ ಹ್ಯಾಂಗದ ಹೇಳಪ್ಪಾ ಎಂದು ಕೇಳಿದ್ದರೆ ಏನಾಗುತ್ತಿತ್ತು? ಅರ್ಧ ತಾಸಿನಲ್ಲಂತೂ ಮುಗಿಯುತ್ತಿರಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಡೊಳ್ಳಿನ ಹಾಡಕಿಗೆ ನಿಂತವರ ಕೈಗೆ ಮೈಕು ಸಿಕ್ಕರೆ ಏನಾಗುತ್ತದೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಏನು ಕೇಳುತ್ತಿದ್ದರು ಎಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಹರದೇಶಿಯವರಲ್ಲ, ನಾಗೇಶಿಯವರು. ಹೆಣ್ಣಿನ ಪಕ್ಷ ಹಿಡಿದು ಹಾಡುವುದೇ ಅವರ ಕಸುಬು. ಕಂಬಾರರ ಲೋಕದಲ್ಲಿ ಹೆಣ್ಣು ಭೂಮಿ, ಹೆಣ್ಣು ತಾಯಿ, ಹೆಣ್ಣು ಕರಿಮಾಯಿ, ಹೆಣ್ಣು ಮಹಾಮಾಯಿ. ಊರು ಬಂಜೆಯಾದರೆ ಅವಳ ಹೊಟ್ಟೆ ಬಂಜೆ, ಮಳೆ ಬಂದರೆ ಅವಳಿಗೆ ಬಸಿರು. ಪೇಟೆಯ ಓದುಗನಿ​ಗೆ ಇದು ಆದಿಮ, ಅದ್ಭುತ. ಪುಸ್ತಕಗಳಲ್ಲಿ ಇದನ್ನು ಮಾತೃಶಕ್ತಿಯ ಆರಾಧನೆ ಎಂದು ಬರೆದಾಗಿದೆ. ‘ಜೋಕುಮಾರಸ್ವಾಮಿ’ಯ ಗೌಡತಿಯನ್ನು ನೋಡಿ: ಗಂಡನ ಕೈಯಲ್ಲಾಗದ್ದನ್ನು ತಾನೇ ದಾರಿ ಹುಡುಕಿ ಪಡೆಯುವ ಗಟ್ಟಿ ಹೆಂಗಸು. ಮಗುವಿಗಾಗಿ ಅವಳು ಮಾಡಿದ ಪಡವಲಕಾಯಿಯ ಪಲ್ಯ ಗೌಡನ ಬದಲು ಹೊಲ ಉಳುವ ಬಸಣ್ಣನ ಹೊಟ್ಟೆ ಸೇರುತ್ತದೆ, ಬಸಣ್ಣ ಕೊಲೆಯಾಗುತ್ತಾನೆ, ಅವಳ ಬಸಿರಲ್ಲಿ ಜೀವ ಉಳಿಯುತ್ತದೆ. ಹೊಲದ ಜಗಳ ಗೌಡನಿಗೂ ಬಸಣ್ಣನಿಗೂ. ಉಳುವವನೇ ಒಡೆಯ ಎಂಬ ಕಾನೂನಿನ ಮಾತಿನಲ್ಲೂ ಉಳುವವನು ಗಂಡಸೇ.

ಇಲ್ಲಿಗೆ ಬಂದಾಗ ನಾಗೇಶಿಯ ಹಾಡುಗಾರ್ತಿ ಡಪ್ಪಿನ ಮೇಲೆ ಬೆರಳು ತಡೆಯುತ್ತಾಳೆ. ತುಂತುಣಿ ಮಾತ್ರ ನುಡಿಯುತ್ತಿರುತ್ತದೆ. ಹಾಡಿನಿಂದ ಮಾತಿಗೆ ಇಳಿದು, ಸೆರಗು ಸಿಕ್ಕಿಸಿಕೊಂಡು, ಎದುರಿಗೆ ಕುಂತ ಹಿರಿಯರನ್ನು ನೋಡಿ ಕೇಳುತ್ತಾಳೆ:

“ಅಣ್ಣಾವರ, ಹೆಣ್ಣಂದ್ರ ಭೂಮಿ ಅಂತ ರಾತ್ರಿಯಿಂದ ಹಾಡಾಕ ಹತ್ತೀರಿ, ಭಾಳ ಚಂದ ಹಾಡಿದ್ರಿ. ಆ ಭೂಮಿ ಉತಾರದಾಗ ಯಾರ ಹೆಸರಿಗೈತಿ, ಅದನ್ನಟ ಹೇಳಿ ಮುಂದಕ್ಕ ಹೋಗ್ರಿ.”